ನಗು ಬರದ ಕಾಮಿಡಿಗೆ ಯಾಕಪ್ಪಾ ದುಡ್ಡು?

ಪ್ರಶ್ನೆ: ಲಂಡನ್ನಲ್ಲಿರೋ ನಮ್ ಭಾವ ಎರಡನೇ ಮಹಾಯುದ್ಧ ಆದ್ಮೇಲೆ ಬಂದ, ಯಾರೂ ಹೆಸರೇ ಕೇಳಿರದ ಬ್ರಿಟಿಷ್ ಕಾಮಿಡಿ ಸಿನಿಮಾಗಳ ರೀಲು, ಡಿವಿಡಿ ಹುಡುಕಿ ಹುಡುಕಿ ತಗೋತಾರೆ. ಹೋದ್ಸಲ ಒಂದು ತೋರಿಸಿದ್ರು, ಒಂದ್ಸಲನೂ ನಗು ಬರ್ಲಿಲ್ಲ. ಏನ್ ಹುಚ್ಚು ಸಾರ್ ಇದು?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ ಭಾವನಿಗೂ ನಗು ಬಂದಿರಲ್ಲ ಬಿಡಿ! ನಗೋಕೆ ಅಂತ ಅದನ್ನ ನೋಡಲ್ಲ ಅವ್ರು.

1951ರ 'ಪೆನ್ನಿ ಪಾಯಿಂಟ್ಸ್ ಟು ಪ್ಯಾರಡೈಸ್' ತಗೊಳ್ಳಿ. ಫುಟ್‌ಬಾಲ್ ಪೂಲ್ಸಲ್ಲಿ (ಮ್ಯಾಚ್ ಫಲಿತಾಂಶ ಊಹಿಸೋ ಜೂಜು) ದುಡ್ಡು ಗೆದ್ದ ಒಬ್ಬ ಸಮುದ್ರದ ಪಕ್ಕದ ಲಾಡ್ಜಿಗೆ ಬರ್ತಾನೆ, ಖೋಟಾ ನೋಟಿನವ್ರು ಹಿಂದೆ ಬೀಳ್ತಾರೆ, ಕಥೆ ಅಷ್ಟೇ, ಎಳೆದಿದಾರೆ ಬೇರೆ. ಆದ್ರೆ ಅದ್ರಲ್ಲಿರೋದು ಪೀಟರ್ ಸೆಲರ್ಸ್, ಸ್ಪೈಕ್ ಮಿಲಿಗನ್, ಹ್ಯಾರಿ ಸೀಕಂಬ್, ಅದೇ ವರ್ಷ ರೇಡಿಯೋದಲ್ಲಿ ಗೂನ್ ಶೋ ಅನ್ನೋ ಕಾಮಿಡಿ ಕಾರ್ಯಕ್ರಮ ಶುರು ಮಾಡಿದವ್ರು. ಸೆಲರ್ಸ್‌ಗೆ ಇನ್ನೂ 25ರ ಆಸುಪಾಸು, ಮುದುಕ ಮೇಜರ್ ವೇಷ ಹಾಕ್ಕೊಂಡು ಓಡಾಡ್ತಾನೆ, ಮುಂದೆ ಜಗತ್ತನ್ನೇ ನಗಿಸೋನು ಇನ್ನೂ ಕೈ ಪಳಗಿಸ್ಕೊಳ್ತಿದಾನೆ ನೋಡಿ, ಆ ಮಜಾನೇ ಬೇರೆ.

ಮ್ಯಾಂಚೆಸ್ಟರ್ ಕಡೆ ಇನ್ನೊಂದು ಥರ. ಮ್ಯಾಂಕ್ಯೂನಿಯನ್ ಅನ್ನೋ ಸಿನಿಮಾ ಕಂಪನಿ 1947ರಲ್ಲಿ ಹಳೇ ಚಾಪೆಲ್ ಒಂದನ್ನೇ ಸ್ಟುಡಿಯೋ ಮಾಡ್ಕೊಂಡು ಫ್ರ್ಯಾಂಕ್ ರ್‍ಯಾಂಡಲ್ ಅಂಥ ಸ್ಟೇಜ್ ಹಾಸ್ಯಗಾರರನ್ನ ಕ್ಯಾಮೆರಾ ಮುಂದೆ ಬಿಟ್ಟುಬಿಡ್ತಿತ್ತು. ಥೇಟ್ ನಮ್ ಕಂಪನಿ ನಾಟಕದ ಹಾಸ್ಯಗಾರರೇ, ಊರಿನ ಮಾತು, ಊರಿನ ಪೋಲಿ ಜೋಕು. ಉತ್ತರ ಇಂಗ್ಲೆಂಡಲ್ಲಿ ಜನ ಮುಗಿಬೀಳ್ತಿದ್ರು, ಲಂಡನ್ ವಿಮರ್ಶಕರು ಮೂಗು ಮುರೀತಿದ್ರು. ಆ ನಾಟಕದ ಮನೆಗಳೆಲ್ಲ ಹೆಚ್ಚುಕಮ್ಮಿ ಹೋದ್ವು, ಆ ಆಟ ಉಳ್ಕೊಂಡಿರೋದು ಈ ರೀಲಲ್ಲೇ. ಜೊತೆಗೆ ಬಾಂಬ್ ಬಿದ್ದು ಖಾಲಿಯಾದ ಸೈಟು, ರೇಷನ್ ಕೂಪನ್ ಜೋಕು (ಅಲ್ಲಿ ರೇಷನ್ ಮುಗಿದಿದ್ದೇ 1954ಕ್ಕೆ), ಇವನ್ನೆಲ್ಲ ಯಾರೂ ದಾಖಲೆ ಅಂತ ತೆಗ್ದಿದ್ದಲ್ಲ, ಹಿಂದ್ಗಡೆ ಸುಮ್ನೆ ಬಿದ್ದಿದ್ವು.

ಇನ್ನು ಬೇಟೆ ಹುಚ್ಚು. 1996ರಲ್ಲಿ ಲಂಡನ್ನಿನ ಒಂದು ಆಫೀಸ್ ಮುಂದಿನ ಕಸದಲ್ಲಿ ಸಿಕ್ಕ ಫಿಲ್ಮ್ ಡಬ್ಬಿಗಳನ್ನ ಒಬ್ರು ಡಬ್ಬಿ ಚೆನ್ನಾಗಿದೆ ಅಂತ ಮನೆಗೆ ತಂದು ಕಪಾಟಲ್ಲಿಟ್ಟು ಮರ್ತುಬಿಟ್ರು. ವರ್ಷಾನುಗಟ್ಲೆ ಆದ್ಮೇಲೆ ತೆರೆದ್ರೆ ಸೆಲರ್ಸ್ 1957ರಲ್ಲಿ ಮಾಡಿದ್ದ ಅರ್ಧರ್ಧ ಗಂಟೆಯ ಎರಡು ಕಾಮಿಡಿ! 2014ರಲ್ಲಿ ಸೌತೆಂಡ್ ಫಿಲ್ಮ್ ಫೆಸ್ಟಿವಲಲ್ಲಿ ತೋರಿಸಿದ್ರು. ಇಂಥ ಕಥೆ ಕೇಳಿದ್ಮೇಲೆ ರೀಲು ಕೂಡಿಡೋ ಹುಚ್ಚಿರೋನು ಸುಮ್ನೆ ಕೂರ್ತಾನಾ?

ಆದ್ರೆ ಒಂದು ಕೇಳಿ ಇಟ್ಕೊಳ್ಳಿ. ಭಾವನ ಹತ್ರ ಇರೋದು 16 ಎಂಎಂ ರೀಲಾದ್ರೆ ಭಯ ಇಲ್ಲ. 1950ರ ದಶಕದ ಶುರುವರೆಗಿನ 35 ಎಂಎಂ ರೀಲಾಗಿದ್ರೆ ನೈಟ್ರೇಟ್ (ಬೇಗ ಬೆಂಕಿ ಹಿಡಿಯೋ ಹಳೇ ಥರದ ಫಿಲ್ಮ್) ಇರಬಹುದು, ಬೆಂಕಿ ಹತ್ತಿದ್ರೆ ನೀರು ಹಾಕಿದ್ರೂ ಆರಲ್ಲ. ಮುಂದಿನ್ಸಲ ಹೋದಾಗ ಆ ಕಪಾಟಿರೋ ರೂಮಲ್ಲಿ ಮಾತ್ರ ಮಲ್ಕೋಬೇಡಿ.