ಕಠಿಣ ವಚನಗಳನ್ನೂ ಎದುರಿಸಿ ಬರೆಯಿರಿ

ನಮಸ್ಕಾರ. ಹೊಸ ಕಾಲದ ಕುರ್‌ಆನ್ ವ್ಯಾಖ್ಯಾನಗಳಲ್ಲಿ ಅಲ್ಲಾಹನ ಕರುಣೆ ಕುರಿತ ನಿಮ್ಮ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಆದರೆ ಕೈಬಿಡಬೇಡಿ, ಇದು ಬರೆಯಲೇಬೇಕಾದ ವಿಷಯ.

ನೀವು ಆರಿಸಿಕೊಂಡದ್ದೆಲ್ಲ ಮೃದುವಾದ ವಚನಗಳು. ಕರುಣೆಯನ್ನು ದೇವರು ತನಗೆ ತಾನೇ ಕಡ್ಡಾಯ ಮಾಡಿಕೊಂಡ ಎನ್ನುವ 6:12 (6ನೇ ಅಧ್ಯಾಯದ 12ನೇ ವಚನ), ತಪ್ಪು ಮಾಡಿದವರೂ ನಿರಾಶರಾಗಬೇಡಿ ಎನ್ನುವ 39:53, ಅವನ ಕರುಣೆ ಎಲ್ಲವನ್ನೂ ಆವರಿಸಿದೆ ಎನ್ನುವ 7:156. ಆದರೆ ಈ 7:156ರಲ್ಲಿ ಕರುಣೆಯ ಮಾತಿಗೆ ಮೊದಲೇ, ತನ್ನ ಶಿಕ್ಷೆ ತಾನು ಬಯಸಿದವರಿಗೆ ತಟ್ಟುತ್ತದೆ ಎಂದೂ ದೇವರು ಹೇಳುತ್ತಾನೆ. ಆ ಭಾಗವನ್ನು ನೀವು ಬಿಟ್ಟಿದ್ದೀರಿ. ಓದುಗರು ಕುರ್‌ಆನ್ ತೆರೆದು ನೋಡುತ್ತಾರೆ, ಅಲ್ವಾ? ಆಮೇಲೆ ನಿಮ್ಮ ಉಳಿದ ಮಾತನ್ನೂ ಅನುಮಾನದಿಂದಲೇ ಓದುತ್ತಾರೆ.

ನೀವು ಮೆಚ್ಚಿದ ವ್ಯಾಖ್ಯಾನಕಾರರು ಆ ಭಾಗದಿಂದ ತಪ್ಪಿಸಿಕೊಂಡವರಲ್ಲ. ಮೌಲಾನಾ ಅಬುಲ್ ಕಲಾಂ ಆಜಾದರನ್ನೇ ನೋಡಿ. ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾದಲ್ಲಿ ಕರುಣೆಯ ಹಿಂದೆಯೇ ತೀರ್ಪಿನ ದಿನದ ಮಾತು ಬರುತ್ತದೆ. ಆಜಾದರು ಅದನ್ನು ದೇವರ ಸಿಟ್ಟು ಎಂದು ಓದಲಿಲ್ಲ. ಮಾಡಿದ್ದಕ್ಕೆ ತಕ್ಕ ಫಲ ಸಿಗುವುದು ನ್ಯಾಯ, ಆ ನ್ಯಾಯ ಕರುಣೆಗೆ ಎದುರಾದದ್ದಲ್ಲ ಎಂದು ವಿವರಿಸಿದರು. ಇದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ಒಂದು ಪುಟವಾದರೂ ಬೇಕು.

ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ಇಸ್ಲಾಂ ಧರ್ಮಶಾಸ್ತ್ರದ ವಿದ್ವಾಂಸ ಮುಹನ್ನದ್ ಖೋರ್ಷಿದ್ ಅವರ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಇಸ್ಲಾಂ ಎಂದರೆ ಕರುಣೆ ಎಂದು ಅವರು 2012ರಲ್ಲಿ ಪುಸ್ತಕ ಬರೆದರು. ನರಕವನ್ನು ಅವರು ದೇವರ ಕರುಣೆಯನ್ನು ತಳ್ಳಿಹಾಕಿದ ಮನುಷ್ಯನ ಸ್ಥಿತಿಯಾಗಿ ನೋಡುತ್ತಾರೆ. ಅಲ್ಲಿನ ಮುಸ್ಲಿಂ ಸಂಘಟನೆಗಳು ಅವರ ವಿಚಾರಗಳನ್ನು ಬಲವಾಗಿ ಆಕ್ಷೇಪಿಸಿದವು. ಆ ವಿವಾದ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅನ್ಯಾಯಕ್ಕೆ ಒಳಗಾದವರ ಕಡೆ ನಿಂತೂ ಕೇಳಿ: ತಪ್ಪು ಮಾಡಿದವನಿಗೆ ಕರುಣೆ ಸಿಕ್ಕರೆ ನೊಂದವನಿಗೆ ಸಿಗುವುದೇನು? ನನಗೆ ಈ ಲೇಖನದಲ್ಲಿ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದದ್ದು ಈ ಪ್ರಶ್ನೆ.

‘ಹಳೆಯ ಪಂಡಿತರು ಬರೀ ಭಯ ಹುಟ್ಟಿಸಿದರು’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಅದು ನಿಜವಲ್ಲ. ನರಕಕ್ಕೂ ಕೊನೆ ಇರಬಹುದೇ ಎಂಬ ಪ್ರಶ್ನೆಯನ್ನು 14ನೇ ಶತಮಾನದಲ್ಲೇ ಪಂಡಿತ ಇಬ್ನ್ ಖಯ್ಯಿಮ್ ದೇವರ ಕರುಣೆಯನ್ನು ಮುಂದಿಟ್ಟು ಚರ್ಚಿಸಿದ್ದರು. 20ನೇ ಶತಮಾನದಲ್ಲಿ ಸುಧಾರಣಾವಾದಿ ಪಂಡಿತ ರಶೀದ್ ರಿದಾ ತಮ್ಮ ಕುರ್‌ಆನ್ ವ್ಯಾಖ್ಯಾನದಲ್ಲಿ ಅದೇ ಚರ್ಚೆಯನ್ನು ಉದ್ದಕ್ಕೆ ಉದ್ಧರಿಸಿದರು. ಹೊಸಬರು ಹಳಬರ ಕೈ ಹಿಡಿದೇ ನಡೆದಿದ್ದಾರೆ.

ಪೀಠಿಕೆಯ ಮೂರೂ ಪ್ಯಾರಾ ಬೇಡ, ಸುಮ್ನೆ ಜಾಗ ತಿನ್ನುತ್ತಿವೆ. 7:156ನ್ನು ಪೂರ್ತಿ ಕೊಟ್ಟು ಅಲ್ಲಿಂದಲೇ ಶುರು ಮಾಡಿ. ಲೇಖನ ಉದ್ದವಾದರೂ ತೊಂದರೆಯಿಲ್ಲ, ತಿದ್ದಿ ಕಳಿಸಿ. ನಾನೇ ಓದುತ್ತೇನೆ.