ಉತ್ತರ: ಟೆಸ್ಟ್ ಪಾಸಾದ ಮೇಲೂ ಮಾಡೆಲಿಂಗ್ ಯಾಕೆ?

ಉಪಗ್ರಹದ ಅಂಟು, ಪೇಂಟ್, ಕೇಬಲ್ ಎಲ್ಲವೂ ಇ595 ಪರೀಕ್ಷೆಯಲ್ಲಿ (ನಿರ್ವಾತದಲ್ಲಿ ವಸ್ತು ಎಷ್ಟು ಆವಿ ಬಿಡುತ್ತದೆ ಅಂತ ಅಳೆಯುವ ಪರೀಕ್ಷೆ) ಪಾಸಾಗಿದ್ದರೆ, ಆ ಆವಿಯ ದಾರಿ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಯಾಕೆ ಅಂತ ಕೇಳಿದ್ದೀರಿ. ಬೇಕೇ ಬೇಕು.

ಆ ಪರೀಕ್ಷೆಯಲ್ಲಿ ವಸ್ತುವನ್ನು ನಿರ್ವಾತದಲ್ಲಿ 125 ಡಿಗ್ರಿಗೆ 24 ಗಂಟೆ ಕಾಯಿಸುತ್ತಾರೆ. ತೂಕ 1%ಗಿಂತ ಜಾಸ್ತಿ ಇಳಿಯಬಾರದು, 25 ಡಿಗ್ರಿಯ ತಟ್ಟೆಯ ಮೇಲೆ ಕೂರುವ ಆವಿ 0.1% ದಾಟಬಾರದು. ಇದು ವಸ್ತು ಆರಿಸೋಕೆ ಒಳ್ಳೆಯ ಜರಡಿ, ಅಷ್ಟೇ. ನಿಮ್ಮ ಉಪಗ್ರಹದ ದೂರದರ್ಶಕದ ಕನ್ನಡಿ ಮೈನಸ್ 140 ಡಿಗ್ರಿಯಲ್ಲಿದ್ದರೆ? ಆ ತಟ್ಟೆಯ ಮೇಲೆ ನಿಲ್ಲದ ನೀರಾವಿ ಇಲ್ಲಿ ಮಂಜುಗಡ್ಡೆಯಾಗಿ ಕೂರುತ್ತದೆ.

2023ರ ಜುಲೈನಲ್ಲಿ ಹಾರಿದ ಯುರೋಪಿನ ಯೂಕ್ಲಿಡ್ ದೂರದರ್ಶಕಕ್ಕೆ ಆಗಿದ್ದು ಇದೇ. ನಕ್ಷತ್ರಗಳ ಬೆಳಕು ಸ್ವಲ್ಪ ಸ್ವಲ್ಪವೇ ಮಂಕಾಯಿತು. ಐಸ್ ಪದರದ ದಪ್ಪ ನ್ಯಾನೋಮೀಟರ್ ಲೆಕ್ಕದ್ದು! 2024ರ ಮಾರ್ಚ್‌ನಲ್ಲಿ ಒಂದು ಕನ್ನಡಿಯ ಉಷ್ಣಾಂಶವನ್ನು 34 ಡಿಗ್ರಿಯಷ್ಟು ಏರಿಸಿದರು, ಬರುವ ಬೆಳಕು 15% ಹೆಚ್ಚಿತು.

ಮಾಡೆಲ್ ಹೇಳುವುದು ಆವಿ ಎಲ್ಲಿಂದ ಹೊರಟು ಎಲ್ಲಿ ಕೂರುತ್ತದೆ ಅಂತ. ನಿರ್ವಾತದಲ್ಲಿ ಅಣುಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಹಾಗಾಗಿ ಯಾವ ಮೇಲ್ಮೈಗೆ ಯಾವುದು ಎಷ್ಟು ಕಾಣುತ್ತದೆ ಅನ್ನೋದು, ಅಂದರೆ ವ್ಯೂ ಫ್ಯಾಕ್ಟರ್, ಮುಖ್ಯ. ಅದಕ್ಕೆ ಥರ್ಮಲ್ ಮಾಡೆಲ್‌ನ (ಯಾವ ಭಾಗ ಎಷ್ಟು ಬಿಸಿ ಅಂತ ಹೇಳುವ ಲೆಕ್ಕ) ಉಷ್ಣಾಂಶ ಸೇರಿಸಿ. ಗಾಳಿ ಹೊರಹೋಗುವ ತೂತು ಕ್ಯಾಮೆರಾ ಕಡೆಗೆ ಮುಖ ಮಾಡಿದೆಯಾ ಅನ್ನೋದು ಆಗಲೇ ಗೊತ್ತಾಗುತ್ತದೆ.

ಒಂದು ಮಾತು: ಇ595 ಅಂಕಿಯನ್ನೇ ಸುಮ್ನೆ ಮಾಡೆಲ್‌ಗೆ ತುಂಬಬೇಡಿ. ಅದರಲ್ಲಿ ಆವಿ ಎಷ್ಟು ವೇಗವಾಗಿ ಹೊರಬರುತ್ತದೆ ಅನ್ನೋ ಮಾಹಿತಿ ಇಲ್ಲ. ಸಮಯದ ಜೊತೆ ಹೊರಬರುವ ಆವಿ ಹೇಗೆ ಕಡಿಮೆಯಾಗುತ್ತದೆ ಅಂತ ಅಳೆಯುವ ಇ1559 ಪರೀಕ್ಷೆಯ ಡೇಟಾ ಕೇಳಿ ಪಡೆಯಿರಿ.