10 ಮೀಟರ್ ಬಂಡೆ ನೋಡಲು ಅಷ್ಟು ದೂರ ಹೋಗಬೇಕಾ?

ಊರಿಂದ ಅಪ್ಪ ಅಮ್ಮ ಕೆನಡಾದ ಕ್ಯಾಲ್ಗರಿಗೆ ಬರುತ್ತಿದ್ದಾರೆ, ಹಿಂದೆ ಕಾಡೆಮ್ಮೆ ಹಿಂಡುಗಳನ್ನು ಕಡಿದಾದ ಬಂಡೆಯ ಅಂಚಿನಿಂದ ಕೆಳಗೆ ಬೀಳಿಸಿ ಬೇಟೆಯಾಡುತ್ತಿದ್ದ ಹೆಡ್-ಸ್ಮಾಶ್ಡ್-ಇನ್ ಬಫಲೋ ಜಂಪ್‌ಗೆ ಕರೆದುಕೊಂಡು ಹೋಗಬಹುದಾ, ಬೇಟೆ ಅಂದರೆ ಅಮ್ಮನಿಗೆ ಬೇಜಾರಾಗುತ್ತಾ ಅಂತ ಕೇಳಿದ್ದೀರಿ.

ಧಾರಾಳವಾಗಿ ಹೋಗಿ. ಕಾರಲ್ಲಿ ದಕ್ಷಿಣಕ್ಕೆ ಎರಡು ಗಂಟೆ, ಫೋರ್ಟ್ ಮೆಕ್ಲೌಡ್ ಊರಿನ ಹತ್ತಿರ. ಆದರೆ ಬಂಡೆ ನೋಡೋಣ ಅಂತ ಹೊರಟರೆ ನಿರಾಸೆಯೇ. ಈಗ ಉಳಿದಿರುವ ಎತ್ತರ ಸುಮಾರು 10 ಮೀಟರ್ ಅಷ್ಟೆ. ಬುಡದಲ್ಲಿ ಹೆಚ್ಚುಕಡಿಮೆ ಅಷ್ಟೇ ಆಳಕ್ಕೆ ಮೂಳೆ, ಮಣ್ಣು ತುಂಬಿಕೊಂಡಿದೆ. ಅದೂ ಕಣ್ಣಿಗೆ ಕಾಣುವುದಿಲ್ಲ, ಮೇಲೆ ಹುಲ್ಲು ಬೆಳೆದಿದೆ.

ನೋಡಬೇಕಾದದ್ದು ಬಂಡೆಯ ಹಿಂಭಾಗ. ಲಿಫ್ಟ್ ಹತ್ತಿ ಸೀದಾ ಮೇಲೆ ಹೋಗಿ ಪಶ್ಚಿಮಕ್ಕೆ ತಿರುಗಿ. ಅಲ್ಲಿರುವುದು ಕಾಡೆಮ್ಮೆಗಳು ಮೇಯುತ್ತಿದ್ದ ವಿಶಾಲ ಹುಲ್ಲುಗಾವಲು. (ನಮ್ಮ ಬಂಡೀಪುರದ ಕಾಟಿಯಲ್ಲ, ಇದು ಅಮೆರಿಕನ್ ಬೈಸನ್ ಎಂಬ ಬೇರೆಯೇ ಪ್ರಾಣಿ.) ಹಿಂಡನ್ನು ಬಂಡೆಯ ಕಡೆಗೆ ನಡೆಸಲು ಅಲ್ಲಿನ ಮೂಲನಿವಾಸಿಗಳು ಅಲ್ಲಿಂದ ಅಂಚಿನವರೆಗೆ ಕಿಲೋಮೀಟರ್‌ಗಟ್ಟಲೆ ಸಣ್ಣ ಸಣ್ಣ ಕಲ್ಲುಗುಪ್ಪೆಗಳ ಸಾಲುಗಳನ್ನು ಮಾಡಿದ್ದರು. ಸುಮಾರು 6,000 ವರ್ಷಗಳ ಹಿಂದೆ ಶುರುವಾದ ಬೇಟೆ ಇದು, ಕುದುರೆಯೂ ಇಲ್ಲ, ಬಂದೂಕೂ ಇಲ್ಲ. ಒಬ್ಬ ಕರುವಿನ ಚರ್ಮ ಹೊದ್ದು ಮುಂದೆ ಹೋಗಿ ಹಿಂಡನ್ನು ಸೆಳೆಯುತ್ತಿದ್ದ. ತೋಳದ ಚರ್ಮ ಹೊದ್ದವರು ಹಿಂದಿನಿಂದ ಹೆದರಿಸುತ್ತಿದ್ದರು. ಕಾಡೆಮ್ಮೆಗೆ ಕಣ್ಣು ಮಂದ, ಮೂಗು ಚುರುಕು. ಅಲ್ಲಿ ಗಾಳಿ ಜಾಸ್ತಿ ಬೀಸುವುದು ಪಶ್ಚಿಮದಿಂದ. ಹಾಗಾಗಿ ಪೂರ್ವಕ್ಕೆ, ಬಂಡೆಯ ಕೆಳಗಿದ್ದ ಬಿಡಾರದ ಹೊಗೆ ವಾಸನೆ ಹಿಂಡಿಗೆ ಗೊತ್ತೇ ಆಗುತ್ತಿರಲಿಲ್ಲ. ಎಂಥ ಲೆಕ್ಕಾಚಾರ ಅಲ್ವಾ?

ಕೆಳಗೆ ಕಾಯುತ್ತಿದ್ದವರ ಕೆಲಸ ಇನ್ನೂ ದೊಡ್ಡದು. ಮಾಂಸವನ್ನು ತೆಳ್ಳಗೆ ಸೀಳಿ ಒಣಗಿಸಬೇಕು. ಗುಂಡಿ ತೋಡಿ, ಚರ್ಮ ಹಾಸಿ, ನೀರು ತುಂಬಿಸಿ, ಕಾದ ಕಲ್ಲು ಹಾಕಿ ಮೂಳೆ ಕುದಿಸಿ ಕೊಬ್ಬು ತೆಗೆಯಬೇಕು. ಒಣಮಾಂಸದ ಪುಡಿಗೆ ಆ ಕೊಬ್ಬು, ಕಾಡುಹಣ್ಣು ಸೇರಿಸಿದರೆ ಪೆಮಿಕನ್, ಚಳಿಗಾಲ ಪೂರ್ತಿ ಕೆಡದ ಬುತ್ತಿ. ಅಲ್ಲಿನ ಮರಳುಗಲ್ಲು ಕಾಯಿಸಿದರೆ ಪುಡಿಯಾಗುತ್ತದೆ, ಅದಕ್ಕೇ ಗಟ್ಟಿ ಕಲ್ಲುಗಳನ್ನು ಬೇರೆ ಕಡೆಯಿಂದ ಹೊತ್ತು ತರುತ್ತಿದ್ದರು. ನನಗೆ ಬಂಡೆಗಿಂತ ಈ ಕಲ್ಲಿನ ವಿಷಯವೇ ಜಾಸ್ತಿ ಇಷ್ಟವಾಯಿತು.

ಇನ್ನು ಅಮ್ಮನ ವಿಷಯ. ಹಿಂಡು ಉರುಳಿಬೀಳುವುದನ್ನು ಯೋಚಿಸಿದರೆ ಸಂಕಟ ಆಗುವುದು ಸಹಜ. ಒಂದೇ ಸಲ ಅಷ್ಟೊಂದು ಬಿದ್ದಾಗ ಎಲ್ಲವನ್ನೂ ಬಳಸಿರಲಿಕ್ಕೂ ಇಲ್ಲ. ಆದರೂ ಸಾವಿರಾರು ವರ್ಷ ಹೀಗೆ ಬೇಟೆಯಾಡಿದರೂ ಕಾಡೆಮ್ಮೆ ಉಳಿದಿತ್ತು. 19ನೇ ಶತಮಾನದಲ್ಲಿ ಚರ್ಮದ ವ್ಯಾಪಾರಕ್ಕಾಗಿ ಬಂದೂಕಿನ ಬೇಟೆ ಜೋರಾದ ಮೇಲೆ ಕೆಲವೇ ದಶಕಗಳಲ್ಲಿ ನಾಶದ ಅಂಚಿಗೆ ಬಂತು. ಇದನ್ನು ಅಲ್ಲಿ ಕೆಲಸ ಮಾಡುವ, ಬ್ಲ್ಯಾಕ್‌ಫುಟ್ ಎಂಬ ಮೂಲನಿವಾಸಿ ಜನರ ಬಾಯಲ್ಲೇ ಕೇಳಿ. ಅವರ ಹಿರೀಕರೇ ಇಲ್ಲಿ ಬೇಟೆಯಾಡಿದವರು. ಫಲಕ ಓದುವುದಕ್ಕಿಂತ ಅವರ ಜೊತೆ ಅರ್ಧ ಗಂಟೆ ಮಾತಾಡುವುದು ಮೇಲು.

1987ರಲ್ಲಿ ತೆರೆದ ಮ್ಯೂಸಿಯಂ ಕಟ್ಟಡವನ್ನು ಗುಡ್ಡದೊಳಗೇ ಹುದುಗಿಸಿದ್ದಾರೆ, ಲಿಫ್ಟ್ ಇರುವುದರಿಂದ ಹಿರಿಯರಿಗೆ ಮಂಡಿನೋವಿದ್ದರೂ ತೊಂದರೆಯಿಲ್ಲ. ಬೇಸಿಗೆಯಲ್ಲೂ ಜಾಕೆಟ್ ಇರಲಿ, ಮೇಲೆ ಗಾಳಿ ಟೋಪಿಯನ್ನೇ ಹೊತ್ತೊಯ್ಯುತ್ತದೆ. ಸಸ್ಯಾಹಾರಿಗಳಾದರೆ ಮನೆಯಿಂದಲೇ ಪುಳಿಯೋಗರೆ ಕಟ್ಟಿಕೊಂಡು ಹೋಗಿ.